ಎಸಿ ಇಲ್ಲ, ಹೊಸ ಸಾಮಾನಿಲ್ಲ, ಆದರೂ 142 ಯೂನಿಟ್ 236ಕ್ಕೆ ಏರಿದೆ: ಎಲ್ಲಿಂದ ಹುಡುಕಬೇಕು?

ಮೇಲ್ಮನೆ, 2025 ಮೇ 8

ಬಾಡಿಗೆ ಮನೆ, ಮೊದಲನೇ ಮಹಡಿ. ಕೆಳಗೆ ಓನರ್ ಇದ್ದಾರೆ. ಎರಡು ಮನೆಗೂ ಬೇರೆ ಬೇರೆ ಮೀಟರ್, ಎರಡೂ ಗೇಟಿನ ಪಕ್ಕ ಒಂದೇ ಪೆಟ್ಟಿಗೆಯಲ್ಲಿವೆ. ಗೃಹಜ್ಯೋತಿ ನಮ್ಮ ಹೆಸರಿಗೆ ಲಿಂಕ್ ಆಗಿದೆ, ಅರ್ಹತೆ 148 ಯೂನಿಟ್. ಇಷ್ಟು ದಿನ ಸೊನ್ನೆ ಬಿಲ್ ಬರುತ್ತಿತ್ತು. ಈ ಸಲ ಪೂರ್ತಿ ಬಿಲ್ ಬಂದಿದೆ.

ಬಿಲ್‌ನಲ್ಲಿರುವುದು ಹೀಗೆ:
ಹಿಂದಿನ ರೀಡಿಂಗ್ 8412, ಏಪ್ರಿಲ್ 3
ಈಗಿನ ರೀಡಿಂಗ್ 8648, ಮೇ 6
ಬಳಕೆ 236 ಯೂನಿಟ್
ಮಂಜೂರಾದ ಲೋಡ್ 2 ಕಿಲೋವ್ಯಾಟ್
ದಾಖಲಾದ ಎಂಡಿ (ಗರಿಷ್ಠ ಲೋಡ್) 2.9 ಕಿಲೋವ್ಯಾಟ್

ಅದರ ಹಿಂದಿನ ಬಿಲ್ ಮಾರ್ಚ್ 4ರಿಂದ ಏಪ್ರಿಲ್ 3ರವರೆಗೆ, 142 ಯೂನಿಟ್, ಎಂಡಿ 1.9.

ಮನೆಯಲ್ಲಿ ನಾಲ್ಕು ಜನ. 260 ಲೀಟರ್ ಫ್ರಿಜ್, ಮೂರು ಫ್ಯಾನ್, 15 ಲೀಟರ್‌ನ 2 ಕಿಲೋವ್ಯಾಟ್ ಗೀಸರ್, 150 ಎಎಚ್ ಬ್ಯಾಟರಿಯ ಯುಪಿಎಸ್, ಟಿವಿ, ಮಿಕ್ಸಿ. ಎಸಿ ಇಲ್ಲ. ಹೊಸದಾಗಿ ಏನೂ ತಂದಿಲ್ಲ. ಮೀಟರ್ ಮೇಲೆ 3200 ಇಂಪ್/ಕೆಡಬ್ಲ್ಯುಎಚ್ ಅಂತ ಬರೆದಿದೆ.

ಮೀಟರ್ ಕೆಟ್ಟಿದೆ ಅಂತ ಅರ್ಜಿ ಕೊಡಬೇಕಾ, ಅಥವಾ ಮೊದಲು ಮನೆಯೊಳಗೆ ಏನಾದರೂ ನೋಡಬೇಕಾ? 148ರ ಮೇಲಿನ 88 ಯೂನಿಟ್‌ಗೆ ಮಾತ್ರ ಕಟ್ಟಿದರೆ ಸಾಲದಾ?

ಬಿಲ್ ಲೆಕ್ಕ, ಮೇ 8

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಎಷ್ಟೋ ಜನ ಎಡವುವುದು ಅಲ್ಲೇ. ಗೃಹಜ್ಯೋತಿಯಲ್ಲಿ ಎರಡು ಗೆರೆಗಳಿವೆ. ಒಂದು ನಿಮ್ಮ ಅರ್ಹತೆ, ಅಂದರೆ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10. ನಿಮ್ಮದು 148 ಅಂದರೆ ಆ ವರ್ಷದ ಸರಾಸರಿ ಸುಮಾರು 135 ಇದ್ದಿರಬೇಕು. ಇನ್ನೊಂದು ಗೆರೆ 200. ಅರ್ಹತೆ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಮೊದಲನೇ ಯೂನಿಟ್‌ನಿಂದಲೇ ಪೂರ್ತಿ ಬಿಲ್. ಹಾಗಾಗಿ 88ಕ್ಕೆ ಮಾತ್ರ ಕಟ್ಟುತ್ತೇನೆ ಅನ್ನುವ ಹಾಗಿಲ್ಲ.

ನಿಮ್ಮ ಬಿಲ್ ಹೀಗೆ ಬಂದಿರಬೇಕು, ತಾಳೆ ನೋಡಿ. 2025ರ ಏಪ್ರಿಲ್ 1ರಿಂದ ಜಾರಿಯಾದ 2025-26ರ ದರದಂತೆ ಗೃಹಬಳಕೆಗೆ ಯೂನಿಟ್‌ಗೆ 5.80 ರೂ., ನಿಗದಿತ ಶುಲ್ಕ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ 145 ರೂ., ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ, ವಿದ್ಯುತ್ ತೆರಿಗೆ ಶೇ. 9.

ನಿಗದಿತ ಶುಲ್ಕ 2 × 145 = 290.00
ವಿದ್ಯುತ್ ಶುಲ್ಕ 236 × 5.80 = 1368.80
ಪಿಂಚಣಿ ಬಾಬ್ತು 236 × 0.36 = 84.96
ತೆರಿಗೆ, 1368.80ರ ಶೇ. 9 = 123.19

ಒಟ್ಟು 1866.95. ಇದರ ಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ಒಂದು ಸಾಲು ಇರುತ್ತದೆ. ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಕೆಲವು ತಿಂಗಳು ಕಳೆಯುವುದೂ ಉಂಟು. ಈ ಮೊತ್ತಕ್ಕಿಂತ ನೂರಾರು ರೂಪಾಯಿ ಹೆಚ್ಚಿದ್ದರೆ ಹಳೇ ಬಾಕಿ ಅಥವಾ ಹೆಚ್ಚುವರಿ ಭದ್ರತಾ ಠೇವಣಿ ಸೇರಿದೆಯಾ ನೋಡಿ. ವರ್ಷದ ಬಳಕೆ ನೋಡಿ, ಎರಡು ತಿಂಗಳ ಬಿಲ್‌ಗೆ ಸಮನಾಗುವಷ್ಟು ಠೇವಣಿ ಇರಲಿ ಅಂತ ಈ ತಿಂಗಳುಗಳಲ್ಲೇ ಕೇಳುತ್ತಾರೆ. ಅದು ಬಳಕೆಯ ದುಡ್ಡಲ್ಲ, ಖಾತೆಯಲ್ಲೇ ಉಳಿಯುತ್ತದೆ, ಬಡ್ಡಿಯೂ ಬರುತ್ತದೆ.

ಇನ್ನು ಯೂನಿಟ್. ಬಿಲ್‌ಗೆ ಬಿಲ್ ಹೋಲಿಸಬೇಡಿ, ದಿನಕ್ಕೆ ದಿನ ಹೋಲಿಸಿ. ಹಿಂದಿನದು 30 ದಿನಕ್ಕೆ 142, ದಿನಕ್ಕೆ 4.73. ಈ ಸಲ 33 ದಿನಕ್ಕೆ 236, ದಿನಕ್ಕೆ 7.15. ರೀಡಿಂಗ್ ಮೂರು ದಿನ ತಡವಾಗಿದ್ದು ನಿಜ, ಆದರೆ 30 ದಿನಕ್ಕೆ ಇಳಿಸಿದರೂ 214 ಆಗುತ್ತದೆ, 200ರ ಮೇಲೇ. ತಡವಾಯಿತು ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಹಿಂದಿನ ಬಿಲ್‌ನ ಷರಾ ಕೂಡ ನೋಡಿ. ಡೋರ್ ಲಾಕ್ (ಬಾಗಿಲು ಹಾಕಿತ್ತು, ರೀಡಿಂಗ್ ಸಿಗಲಿಲ್ಲ) ಅಂತ ಇದ್ದರೆ ಅದು ಸರಾಸರಿ ಹಾಕಿದ ಬಿಲ್. ಬಿಟ್ಟುಹೋದ ಯೂನಿಟ್ ಈ ಸಲದ ಬಿಲ್‌ಗೆ ಬಂದು ಸೇರಿರುತ್ತದೆ. ಹಾಗಿಲ್ಲದಿದ್ದರೆ ದಿನಕ್ಕೆ 2.4 ಯೂನಿಟ್ ನಿಜವಾಗಿ ಹೆಚ್ಚಾಗಿದೆ. 24 ಗಂಟೆಗೆ ಹಂಚಿದರೆ ಅದು 100 ವ್ಯಾಟ್. ಸದ್ದಿಲ್ಲದೆ ಹಗಲೂ ರಾತ್ರಿ 100 ವ್ಯಾಟ್ ತಿನ್ನುವುದು ಏನು ಅಂತ ಹುಡುಕಿ.

ಅಳತೆಗಾರ, ಮೇ 9

ಅರ್ಜಿ ಆಮೇಲೆ ಕೊಡಿ. ಮೊದಲು ಮೀಟರ್ ಎದುರು ಅರ್ಧ ಗಂಟೆ ನಿಲ್ಲಿ, ಒಂದು ಫೋನ್ ಸ್ಟಾಪ್‌ವಾಚ್ ಸಾಕು. ಮೀಟರ್ ಸೀಲ್, ಮುಚ್ಚಳ ಯಾವುದನ್ನೂ ಮುಟ್ಟಬೇಡಿ.

3200 ಇಂಪ್ ಅಂದರೆ ಕೆಂಪು ಎಲ್‌ಇಡಿ 3200 ಸಲ ಮಿಣುಕಿದರೆ ಒಂದು ಯೂನಿಟ್. ಒಂದು ನಿಮಿಷದ ಮಿಣುಕನ್ನು ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿದರೆ ಆ ಹೊತ್ತಿನ ಲೋಡ್ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ.

ಮೊದಲನೇ ಪರೀಕ್ಷೆ: ಯುಪಿಎಸ್ ಸಹಿತ ಎಲ್ಲ ಪ್ಲಗ್ ತೆಗೆದು, ಮನೆಯ ಮೇನ್ ಆಫ್ ಮಾಡಿ ಹತ್ತು ನಿಮಿಷ ಮೀಟರ್ ನೋಡಿ. ಒಂದೂ ಮಿಣುಕಬಾರದು. ಹಾಗೇ ಮೇನ್ ಯಾವ ತರದ್ದು ಅಂತಲೂ ಬರೆಯಿರಿ. ಫೇಸ್ ಮಾತ್ರ ಕಡಿಯುವ ಸಿಂಗಲ್ ಪೋಲ್ ಎಂಸಿಬಿಯೋ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲೋ? ಮುಂದೆ ಬೇಕಾಗುತ್ತದೆ.

ಎರಡನೇ ಪರೀಕ್ಷೆ ಮೀಟರ್‌ಗೇ. ಗೊತ್ತಿರುವ ಒಂದೇ ಲೋಡ್ ಹಾಕಿ. ಇಸ್ತ್ರಿಪೆಟ್ಟಿಗೆ ಬೇಡ, ಥರ್ಮೋಸ್ಟಾಟ್ ನಡುವೆ ಕಡಿದುಬಿಡುತ್ತದೆ. ನೀರು ತುಂಬಿದ 1500 ವ್ಯಾಟ್ ಕೆಟಲ್ ಒಳ್ಳೇದು. ಆದರೆ 1500 ವ್ಯಾಟ್ ಅನ್ನುವುದು 230 ವೋಲ್ಟ್‌ಗೆ. ಬಿಸಿ ಮಾಡುವ ಕಾಯಿಲ್‌ನ ವ್ಯಾಟ್ ವೋಲ್ಟೇಜ್‌ನ ವರ್ಗದಂತೆ ಇಳಿಯುತ್ತದೆ, 210 ವೋಲ್ಟ್ ಇದ್ದರೆ ಅದೇ ಕೆಟಲ್ 1250 ವ್ಯಾಟ್ ಮಾತ್ರ ಎಳೆಯುತ್ತದೆ. ಆಗ ನಿಮಿಷಕ್ಕೆ 80 ಮಿಣುಕಲ್ಲ, 67 ಬರುವುದೇ ಸರಿ. ವೋಲ್ಟೇಜ್ ಎಷ್ಟು ಅಂತ ಸಾಮಾನ್ಯವಾಗಿ ಮೀಟರ್ ಡಿಸ್‌ಪ್ಲೇಯಲ್ಲೇ ಸರದಿಯಲ್ಲಿ ಬರುತ್ತದೆ, ಅದನ್ನೂ ಬರೆದುಕೊಳ್ಳಿ. ಲೆಕ್ಕಕ್ಕೂ ಎಣಿಕೆಗೂ ಶೇ. 5ರೊಳಗೆ ತಾಳೆಯಾದರೆ ಮೀಟರ್‌ನ ಮೇಲೆ ಅನುಮಾನ ಬೇಡ.

ಮೂರನೇದು: ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತಾ ಹೋಗಿ, ಪ್ರತಿಯೊಂದಕ್ಕೂ ಎರಡು ಮಿಣುಕಿನ ನಡುವಿನ ಸೆಕೆಂಡ್ ಬರೆದುಕೊಳ್ಳಿ. 3600ನ್ನು ಆ ಸೆಕೆಂಡ್‌ನಿಂದ ಭಾಗಿಸಿ 3.2ರಿಂದ ಭಾಗಿಸಿದರೆ ವ್ಯಾಟ್. 11 ಸೆಕೆಂಡ್‌ಗೆ ಒಂದು ಮಿಣುಕು ಅಂದರೆ ಸುಮಾರು 100 ವ್ಯಾಟ್, ನಿಮ್ಮ ಕಳ್ಳ ಆ ಗಾತ್ರದವನು.

ಬಿಸಿಲುಮಚ್ಚು, ಮೇ 9

ಸದ್ದಿಲ್ಲದ 100 ವ್ಯಾಟ್ ಅಂದರೆ ನನ್ನ ಮೊದಲ ಅನುಮಾನ ಯುಪಿಎಸ್ ಬ್ಯಾಟರಿ. ನಾಲ್ಕೈದು ವರ್ಷ ದಾಟಿದ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಒಂದು ಸೆಲ್ ಶಾರ್ಟ್ ಆದರೆ ಅದು ಎಂದಿಗೂ ಪೂರ್ತಿ ಚಾರ್ಜ್ ಆಗುವುದಿಲ್ಲ. ಚಾರ್ಜರ್ ಫ್ಲೋಟ್‌ಗೆ, ಅಂದರೆ ಬ್ಯಾಟರಿ ತುಂಬಿದ ಮೇಲಿನ ಸಣ್ಣ ಚಾರ್ಜ್‌ಗೆ, ಇಳಿಯದೆ 10 ಆಂಪಿಯರ್ ತುಂಬುತ್ತಲೇ ಇರುತ್ತದೆ. ಚಾರ್ಜರ್‌ನ ನಷ್ಟವೂ ಸೇರಿ ಗೋಡೆಯಿಂದ 180 ವ್ಯಾಟ್ ಹತ್ತಿರ, ದಿನಕ್ಕೆ ನಾಲ್ಕು ಯೂನಿಟ್ ದಾಟುತ್ತದೆ. ಲಕ್ಷಣ ಸುಲಭ: ಕರೆಂಟ್ ಹೋಗದ ದಿನವೂ ಬ್ಯಾಟರಿ ಕೈಗೆ ಬಿಸಿ, ಕಿವಿ ಹತ್ತಿರ ಇಟ್ಟರೆ ನೀರು ಕುದಿಯುವ ಸಣ್ಣ ಸದ್ದು, ಡಿಸ್ಟಿಲ್ಡ್ ವಾಟರ್ ತಿಂಗಳೊಳಗೇ ಇಳಿಯುವುದು, ಅದರಲ್ಲೂ ಒಂದೇ ಸೆಲ್‌ನಲ್ಲಿ.

ಎರಡನೇದು ಗೀಸರ್ ಕಾಯಿಲ್‌ನ ಲೀಕೇಜ್. ಬೋರ್ ನೀರಿನ ಸುಣ್ಣ ಕಟ್ಟಿದರೆ ಕರೆಂಟ್ ಹೆಚ್ಚು ಎಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ನಿಜ. ಕಾಯಿಲ್ ನೀರೊಳಗೇ ಮುಳುಗಿರುವುದರಿಂದ ಆ ಬಿಸಿ ಹೇಗಿದ್ದರೂ ನೀರಿಗೇ ಹೋಗಬೇಕು. ತೊಂದರೆ ಬೇರೆ ಕಡೆ: ಸುಣ್ಣದ ಪದರದ ಕೆಳಗೆ ಕಾಯಿಲ್ ಮಿತಿಮೀರಿ ಕಾದು ಹೊರಕವಚ ಸೀಳುತ್ತದೆ, ಒಳಗೆ ನೀರು ಇಳಿದು ಅರ್ಥ್‌ಗೆ ಕರೆಂಟ್ ಸೋರುತ್ತದೆ. ಅರ್ಧ ಆಂಪಿಯರ್ ಸೋರಿದರೂ 115 ವ್ಯಾಟ್, ತಿಂಗಳಿಗೆ 83 ಯೂನಿಟ್. ಗೀಸರ್ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಸ್ವಿಚ್ ಆಫ್ ಇದ್ದಾಗಲೂ ಸೋರುತ್ತಲೇ ಇರುತ್ತದೆ. ಇದು ಬಿಲ್‌ಗಿಂತ ಜೀವದ ವಿಷಯ. ನೀರು ಮುಟ್ಟಿದಾಗ ಜುಮ್ ಅಂದರೆ ಆ ಎಂಸಿಬಿ ಇಳಿಸಿ, ರಿಪೇರಿ ಆಗುವವರೆಗೆ ಮುಟ್ಟಬೇಡಿ.

ಬೇಸಿಗೆಯ ಪಾಲನ್ನೂ ಮರೆಯಬೇಡಿ. ಮೂರು ಹಳೇ ಫ್ಯಾನ್, ತಲಾ 75 ವ್ಯಾಟ್, ಮಾರ್ಚ್‌ಗಿಂತ ದಿನಕ್ಕೆ ನಾಲ್ಕು ಗಂಟೆ ಹೆಚ್ಚು ತಿರುಗಿದರೆ 0.9 ಯೂನಿಟ್. ಫ್ರಿಜ್ ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಇನ್ನೊಂದು ಅರ್ಧ ಯೂನಿಟ್. ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದರೆ ರಬ್ಬರ್ ಹೋಗಿದೆ.

ಮೇಲ್ಮನೆ, ಮೇ 10

ಎಲ್ಲ ಮಾಡಿದೆ. ಮೇನ್ ಸಿಂಗಲ್ ಪೋಲ್, 32 ಆಂಪಿಯರ್ ಎಂಸಿಬಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲ.

ಮಧ್ಯಾಹ್ನ ಮೂರಕ್ಕೆ ಮೇನ್ ಆಫ್, ಹತ್ತು ನಿಮಿಷ ಒಂದೂ ಮಿಣುಕಲಿಲ್ಲ. ಕೆಟಲ್ ಮಾತ್ರ ಹಾಕಿದಾಗ 212 ವೋಲ್ಟ್, ನಿಮಿಷಕ್ಕೆ 68. ನಿಮ್ಮ ಲೆಕ್ಕಕ್ಕೆ ಸರಿಹೋಗುತ್ತದೆ. ಯುಪಿಎಸ್ ಮಾತ್ರ ಇದ್ದಾಗ 50 ಸೆಕೆಂಡ್‌ಗೆ ಒಂದು, ಅಂದರೆ 22 ವ್ಯಾಟ್ ಚಿಲ್ಲರೆ. ಬ್ಯಾಟರಿ ತಣ್ಣಗಿದೆ. ಗೀಸರ್ ಎಂಸಿಬಿ ಹಾಕಿ ಸ್ವಿಚ್ ಆಫ್ ಇಟ್ಟರೆ ಮಿಣುಕೇ ಇಲ್ಲ. ಫ್ರಿಜ್ ರಬ್ಬರ್ ಬಿಗಿಯಾಗಿದೆ. ಫ್ಯಾನ್‌ಗಳು ಮಾರ್ಚ್‌ನಲ್ಲೂ ಹೀಗೇ ತಿರುಗುತ್ತಿದ್ದವು. ಹಿಂದಿನ ಬಿಲ್‌ನಲ್ಲಿ ಡೋರ್ ಲಾಕ್ ಷರಾ ಇಲ್ಲ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಇವತ್ತು ಬೆಳಿಗ್ಗೆ ಏಳಕ್ಕೆ ರೀಡಿಂಗ್ ನೋಡಲು ಹೋದಾಗ ಮೀಟರ್‌ನಲ್ಲಿ ‘ಇ/ಎಲ್’ ಅಂತ ಬರೆದಿರುವ ಇನ್ನೊಂದು ಕೆಂಪು ದೀಪ ಉರಿಯುತ್ತಿತ್ತು. ಮಧ್ಯಾಹ್ನ ಉರಿಯುತ್ತಿರಲಿಲ್ಲ.

ತಂತಿಕೆಲಸ, ಮೇ 10

100 ವ್ಯಾಟ್ ಹುಡುಕುವುದನ್ನು ಬಿಡಿ. ಮೊದಲ ಉತ್ತರದ ಭಾಗಾಕಾರ ಸರಿ, ದಾರಿ ತಪ್ಪು. ಎಂಡಿ ನೋಡಿ: 1.9 ಇದ್ದದ್ದು 2.9 ಆಗಿದೆ. ಎಂಡಿ ಅಂದರೆ ತಿಂಗಳಲ್ಲಿ ಅತಿ ಹೆಚ್ಚು ಲೋಡ್ ಬಿದ್ದ ಹೊತ್ತಿನ ಸರಾಸರಿ. 100 ವ್ಯಾಟ್‌ನ ಸೋರಿಕೆ ಎಂಡಿಯನ್ನು 0.1 ಮಾತ್ರ ಏರಿಸುತ್ತದೆ. ಒಂದು ಪೂರ್ತಿ ಕಿಲೋವ್ಯಾಟ್ ಏರಿದೆ ಅಂದರೆ ಒಂದು ಕಿಲೋವ್ಯಾಟ್‌ನ ಏನೋ ದಿನಕ್ಕೆ ಎರಡು ಎರಡೂವರೆ ಗಂಟೆ ನಿಮ್ಮ ಮೀಟರ್ ಮೂಲಕ ಓಡುತ್ತಿದೆ. ನಿಮ್ಮ ಪಟ್ಟಿಯಲ್ಲಿ ಅಂಥದ್ದು ಯಾವುದೂ ಇಲ್ಲ. ಒಂದು ಎಚ್‌ಪಿ ನೀರಿನ ಮೋಟಾರ್ ಎಳೆಯುವುದು ಹೆಚ್ಚುಕಡಿಮೆ ಅಷ್ಟೇ.

ಈಗ ಆ ಇ/ಎಲ್ ದೀಪ. ಮೀಟರ್ ಒಳಗೆ ಕರೆಂಟ್ ಅಳೆಯುವ ಸಾಧನ ಎರಡಿವೆ, ಫೇಸ್‌ಗೊಂದು, ನ್ಯೂಟ್ರಲ್‌ಗೊಂದು. ಸರಿಯಾದ ವೈರಿಂಗ್‌ನಲ್ಲಿ ಫೇಸ್‌ನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ, ಎರಡೂ ಸಮ. ಕಳ್ಳತನ ಮಾಡುವವರು ನ್ಯೂಟ್ರಲ್ ಬದಲು ಅರ್ಥ್ ಬಳಸಿ ಮೀಟರನ್ನು ಏಮಾರಿಸುತ್ತಿದ್ದರು ಅಂತ, ಎರಡರಲ್ಲಿ ವ್ಯತ್ಯಾಸ ಕಂಡರೆ ಯಾವುದು ಹೆಚ್ಚೋ ಅದನ್ನೇ ಹಿಡಿದು ಯೂನಿಟ್ ಓಡಿಸುವ ಹಾಗೆ ಈಗಿನ ಮೀಟರ್‌ಗಳನ್ನು ಮಾಡಿದ್ದಾರೆ. ಆ ವ್ಯತ್ಯಾಸದ ದೀಪವೇ ಇ/ಎಲ್. ನಿಮ್ಮಲ್ಲಿ ಅದು ಬೆಳಿಗ್ಗೆ ಉರಿದು ಮಧ್ಯಾಹ್ನ ಆರಿದೆ.

ನನ್ನ ಊಹೆ ಇದು. ಕೆಳಗಿನ ಮೋಟಾರ್‌ಗೆ ಫೇಸ್ ಓನರ್ ಮೀಟರ್‌ನಿಂದ ಹೋಗುತ್ತಿದೆ, ನ್ಯೂಟ್ರಲ್ ಮಾತ್ರ ನಿಮ್ಮ ಲೈನಿಗೆ ಸೇರಿದೆ. ಮೋಟಾರ್ ಓಡುವಾಗ ಅದರ 5 ಆಂಪಿಯರ್ ನಿಮ್ಮ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತದೆ, ನಿಮ್ಮ ಮೀಟರ್ ಅದನ್ನು ನಿಮ್ಮ ಬಳಕೆ ಅಂತಲೇ ಬರೆಯುತ್ತದೆ.

ಮೂರು ಪ್ರಶ್ನೆ. ಓನರ್ ಮೋಟಾರ್ ಎಷ್ಟು ಎಚ್‌ಪಿ, ಯಾವ ಹೊತ್ತಿಗೆ ಹಾಕುತ್ತಾರೆ? ಏಪ್ರಿಲ್‌ನಲ್ಲಿ ಕೆಳಗೆ ಏನಾದರೂ ವೈರಿಂಗ್ ಕೆಲಸ ಆಯಿತಾ? ಮೆಟ್ಟಿಲ ದೀಪ ಯಾರ ಮೀಟರ್‌ಗೆ ಸೇರಿದೆ?

ನಾಳೆ ಬೆಳಿಗ್ಗೆ ಮೋಟಾರ್ ಓಡುವಾಗ ನಿಮ್ಮ ಮೇನ್ ಎಂಸಿಬಿ ಆಫ್ ಮಾಡಿ ಮೀಟರ್ ನೋಡಿ. ನಿಮ್ಮ ಮನೆ ಪೂರ್ತಿ ಕತ್ತಲಿದ್ದರೂ ಮಿಣುಕಿದರೆ ಬೇರೆ ಸಾಕ್ಷಿ ಬೇಡ. ನಿಮ್ಮದು ಸಿಂಗಲ್ ಪೋಲ್ ಆದ್ದರಿಂದ ಮೇನ್ ಆಫ್ ಇದ್ದರೂ ನ್ಯೂಟ್ರಲ್ ಕಡಿಯುವುದಿಲ್ಲ, ಈ ಪರೀಕ್ಷೆ ಸಾಧ್ಯವಾಗುವುದೂ ಅದರಿಂದಲೇ. ಡಬಲ್ ಪೋಲ್ ಇದ್ದಿದ್ದರೆ ನೀವು ಆಫ್ ಮಾಡಿದ ಕೂಡಲೇ ಕೆಳಗಿನ ಮೋಟಾರ್ ನಿಲ್ಲುತ್ತಿತ್ತು.

ಮೇಲ್ಮನೆ, ಮೇ 11

ಅದೇ! ಬೆಳಿಗ್ಗೆ 6.50ಕ್ಕೆ ಮೋಟಾರ್ ಹಾಕಿದರು. ನಮ್ಮ ಮೇನ್ ಆಫ್, ಮನೆಯಲ್ಲಿ ಏನೂ ಇಲ್ಲ, ಮೀಟರ್ ನಿಮಿಷಕ್ಕೆ 58 ಮಿಣುಕು, ಇ/ಎಲ್ ದೀಪ ಉರಿಯುತ್ತಿದೆ. ಮೋಟಾರ್ ನಿಂತ ಕೂಡಲೇ ಎರಡೂ ನಿಂತವು. ಪಕ್ಕದಲ್ಲಿರುವ ಓನರ್ ಮೀಟರ್‌ನಲ್ಲೂ ಅದೇ ಹೊತ್ತಿಗೆ ಇ/ಎಲ್ ಉರಿದು ಆರಿತು.

ಒಂದು ಎಚ್‌ಪಿ ಮೋಟಾರ್. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಮುಕ್ಕಾಲು ಗಂಟೆ. ಏಪ್ರಿಲ್ ಮೊದಲ ವಾರ ಹಳೇ ಸ್ಟಾರ್ಟರ್ ಸುಟ್ಟುಹೋಗಿ, ಟ್ಯಾಂಕ್ ತುಂಬಿದರೆ ತಾನೇ ನಿಲ್ಲುವ ಕಂಟ್ರೋಲರನ್ನು ಮೆಟ್ಟಿಲ ಗೋಡೆಗೆ ಹಾಕಿಸಿದ್ದಾರೆ. ಮೆಟ್ಟಿಲ ದೀಪ ನಮ್ಮ ಮೀಟರ್‌ನದೇ.

ಓನರ್ ಹತ್ತಿರ ಹೇಗೆ ಹೇಳಲಿ? ನಮ್ಮ ಕರೆಂಟ್ ತಗೊಳ್ಳುತ್ತಿದ್ದೀರಿ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ತಂತಿಕೆಲಸ, ಮೇ 11

58 × 60 ÷ 3200 = 1.09 ಕಿಲೋವ್ಯಾಟ್. ದಿನಕ್ಕೆ ಎರಡೂಕಾಲು ಗಂಟೆ ಅಂದರೆ 2.45 ಯೂನಿಟ್. ನೀವು ಹುಡುಕುತ್ತಿದ್ದದ್ದು 2.42.

ಓನರ್‌ಗೆ ಹೇಳಬೇಕಾದ್ದು ಬೇರೆಯೇ. ಅವರು ನಿಮ್ಮ ಕರೆಂಟ್ ತೆಗೆದುಕೊಳ್ಳುತ್ತಿಲ್ಲ. ಅವರ ಫೇಸ್‌ನಲ್ಲಿ ಹೋದ 5 ಆಂಪಿಯರನ್ನು ಅವರ ಮೀಟರ್ ಅಳೆದಿದೆ, ಅವರು ಆ ಯೂನಿಟ್‌ಗೆ ಲೆಕ್ಕ ಕೊಡುತ್ತಲೇ ಇದ್ದಾರೆ. ವಾಪಸ್ ಬರುವ ದಾರಿಯಲ್ಲಿ ಅದೇ 5 ಆಂಪಿಯರನ್ನು ನಿಮ್ಮ ಮೀಟರ್ ಇನ್ನೊಂದು ಸಲ ಅಳೆದಿದೆ. ಒಂದೇ ಮೋಟಾರ್, ಒಂದೇ ನೀರು, ಎರಡು ಮೀಟರ್‌ನಲ್ಲಿ ಯೂನಿಟ್. ಅವರ ಮೀಟರ್‌ನ ಇ/ಎಲ್ ಕೂಡ ಉರಿಯುತ್ತಿರುವುದು ಅದಕ್ಕೇ. ಬೆಳಿಗ್ಗೆ ಅವರನ್ನು ಕರೆದು ಎರಡು ದೀಪವನ್ನೂ ತೋರಿಸಿ, ಸಾಕು. ಸರಿಮಾಡಿಸಿದರೆ ಅವರ ಬಿಲ್ ಏರುವುದಿಲ್ಲ, ನಿಮ್ಮದು ಇಳಿಯುತ್ತದೆ.

ಆಗಿರುವುದು ಬಹುಶಃ ಹೀಗೆ. ಸ್ಟಾರ್ಟರ್ ಸುಟ್ಟಾಗ ಹಳೇ ನ್ಯೂಟ್ರಲ್ ತಂತಿಯೂ ಕರಗಿರಬಹುದು, ಅಥವಾ ಹೊಸ ಜಾಗಕ್ಕೆ ಉದ್ದ ಸಾಲದೆ ಬಂದಿರಬಹುದು. ಕಂಟ್ರೋಲರ್ ಮೇಲೇ ಮೆಟ್ಟಿಲ ದೀಪದ ಜಂಕ್ಷನ್ ಬಾಕ್ಸ್ ಇದೆ, ಅದರಲ್ಲಿ ಕಪ್ಪು ತಂತಿ ಇದೆ. ನ್ಯೂಟ್ರಲ್ ಯಾವುದಾದರೇನು ಅಂತ ಅದಕ್ಕೇ ಸುತ್ತಿರುತ್ತಾರೆ. ಮೋಟಾರ್ ಓಡುತ್ತದೆ, ಟೆಸ್ಟರ್‌ನಲ್ಲಿ ಏನೂ ತಪ್ಪು ಕಾಣುವುದಿಲ್ಲ. ಎರಡರಲ್ಲಿ ಒಂದು ಮನೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ದಿದ್ದರೂ ಮೋಟಾರ್ ಹಾಕಿದ ಕ್ಷಣವೇ ಅದು ಬಿದ್ದು, ಕೆಲಸ ಮಾಡಿದವರಿಗೇ ತಪ್ಪು ಗೊತ್ತಾಗುತ್ತಿತ್ತು. ‘ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ’ ಅಂತ ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವ ಮನೆಗಳಲ್ಲಿ ಎಷ್ಟೋ ಸಲ ಮೂಲ ಕಾರಣ ಹೀಗೆ ಬೆರೆತ ನ್ಯೂಟ್ರಲ್ಲೇ.

ಸರಿಮಾಡುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಅವರಿಗೆ ಇದನ್ನು ತೋರಿಸಿ.

ಆ ಜಂಕ್ಷನ್ ಬಾಕ್ಸ್ ತೆರೆಯುವ ಮುಂಚೆ ಎರಡೂ ಮನೆಯ ಮೇನ್ ಆಫ್ ಆಗಿರಬೇಕು. ನಿಮ್ಮದು ಮಾತ್ರ ಆಫ್ ಮಾಡಿ, ಮೋಟಾರ್ ಓಡುತ್ತಿರುವಾಗ ಆ ನ್ಯೂಟ್ರಲ್ ಬಿಚ್ಚಿದರೆ, ಬಿಚ್ಚಿದ ತುದಿಗೆ ಮೋಟಾರ್ ವೈಂಡಿಂಗ್ ಮೂಲಕ ಪೂರ್ತಿ 230 ವೋಲ್ಟ್ ಬರುತ್ತದೆ. ಕಪ್ಪು ತಂತಿ, ಮನೆ ಆಫ್ ಇದೆ ಅನ್ನುವ ಧೈರ್ಯದಲ್ಲಿ ಬೆರಳಿನಿಂದ ಹಿಡಿಯುವ ತಂತಿ ಅದೇ. ಇಲ್ಲಿ ಅವಸರ ಬೇಡ.

ಬಿಚ್ಚುವ ಮೊದಲು ಕ್ಲ್ಯಾಂಪ್ ಮೀಟರ್ ಹಾಕಿ ಖಾತ್ರಿ ಮಾಡಿಕೊಳ್ಳಲಿ. ಮೋಟಾರ್ ಓಡುವಾಗ ನಿಮ್ಮ ಮೀಟರ್‌ನಿಂದ ಮನೆಗೆ ಬರುವ ಫೇಸ್, ನ್ಯೂಟ್ರಲ್ ಎರಡು ತಂತಿಯನ್ನೂ ಒಟ್ಟಿಗೆ ಕ್ಲ್ಯಾಂಪ್ ಒಳಗೆ ಹಿಡಿದರೆ ಸೊನ್ನೆ ಬರಬೇಕು, ಈಗ 5 ಹತ್ತಿರ ತೋರಿಸುತ್ತದೆ. ಅದು ಎರಡೂವರೆಯಷ್ಟೇ ತೋರಿಸಿದರೆ ಕತೆ ಬೇರೆ: ಮೋಟಾರ್‌ನ ಹಳೇ ನ್ಯೂಟ್ರಲ್ಲೂ ಇದ್ದು, ನಿಮ್ಮದೂ ಅದಕ್ಕೆ ಸೇರಿ, ಕರೆಂಟ್ ಎರಡು ದಾರಿಯಲ್ಲಿ ಹಂಚಿಹೋಗುತ್ತಿದೆ ಅಂತ. ನಿಮ್ಮ 58 ಮಿಣುಕು ನೋಡಿದರೆ ಪೂರ್ತಿ ನಿಮ್ಮಲ್ಲೇ ಬರುತ್ತಿದೆ.

ಆಮೇಲೆ ಓನರ್ ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆ) ನ್ಯೂಟ್ರಲ್ ಲಿಂಕ್‌ನಿಂದ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಪಟ್ಟಿ) ಕಂಟ್ರೋಲರ್‌ವರೆಗೆ ಹೊಸ 2.5 ಚದರ ಮಿ.ಮೀ. ತಾಮ್ರದ ಕಪ್ಪು ತಂತಿ, ಫೇಸ್ ಹೋಗಿರುವ ಅದೇ ಪೈಪಿನಲ್ಲಿ. ಜಂಕ್ಷನ್ ಬಾಕ್ಸ್‌ನ ಸುತ್ತು ಬಿಚ್ಚಿ, ಮೆಟ್ಟಿಲ ದೀಪದ ನ್ಯೂಟ್ರಲ್ ಮಾತ್ರ ನಿಮ್ಮದರಲ್ಲಿ ಉಳಿಯಲಿ. ಮುಗಿಯಿತು ಅನ್ನುವ ಮುಂಚೆ ಎರಡೂ ಮನೆಯ ನ್ಯೂಟ್ರಲನ್ನು ಮೀಟರ್ ಕಡೆಯಿಂದ ಬೇರೆ ಮಾಡಿ, ಎರಡು ಡಿಬಿಯ ನ್ಯೂಟ್ರಲ್ ಲಿಂಕ್‌ಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಬೇಕು. ಬೀಪ್ ಬಂದರೆ ಇನ್ನೂ ಎಲ್ಲೋ ಸೇರಿಕೊಂಡಿದೆ. ಟೂವೇ ಸ್ವಿಚ್ ಇರುವ ಮೆಟ್ಟಿಲ ದೀಪ, ಗೇಟ್ ದೀಪ, ಕಾಲಿಂಗ್ ಬೆಲ್, ಇವುಗಳಲ್ಲೇ ಸಾಮಾನ್ಯವಾಗಿ ಬೆರೆತಿರುತ್ತದೆ. ಕೈಹಾಕಿದ ಮೇಲೆ ನಿಮ್ಮ ಸಿಂಗಲ್ ಪೋಲ್ ಮೇನ್ ತೆಗೆದು ಡಬಲ್ ಪೋಲ್ ಎಂಸಿಬಿ, ಅದರ ಮುಂದೆ 40 ಆಂಪಿಯರ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಬೆರಕೆ ಪೂರ್ತಿ ಹೋಗಿದೆ ಅನ್ನುವುದಕ್ಕೆ ಅದು ಬೀಳದೆ ನಿಲ್ಲುವುದೇ ಪ್ರಮಾಣ.

ಬಿಲ್ ಲೆಕ್ಕ, ಮೇ 11

ಎಂಡಿ ಸಾಲನ್ನು ನಾನು ಗಮನಿಸಬೇಕಿತ್ತು, ‘ತಂತಿಕೆಲಸ’ದವರು ಹೇಳಿದ್ದೇ ಸರಿ.

ಇನ್ನು ಬಿಲ್ ಏನು ಮಾಡುವುದು? ಮೀಟರ್ ಪರೀಕ್ಷೆಗೆ ಅರ್ಜಿ ಹಾಕಬೇಡಿ. ಶುಲ್ಕ ಕಟ್ಟಬೇಕು, ಮೀಟರ್ ಸರಿಯಿದೆ ಅಂತ ವರದಿ ಬರುತ್ತದೆ, ಯಾಕೆಂದರೆ ಅದು ಸರಿಯಾಗೇ ಇದೆ. ನಿಮ್ಮ ಕೆಟಲ್ ಪರೀಕ್ಷೆ ಅದನ್ನೇ ತೋರಿಸಿದೆ. ಮೀಟರ್ ಆಚೆಗಿನ ವೈರಿಂಗ್ ಗ್ರಾಹಕರ ಜವಾಬ್ದಾರಿ, ಹಾಗಾಗಿ ಈ 236 ಯೂನಿಟ್‌ನ ಬಿಲ್ ರದ್ದಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಉಪವಿಭಾಗದ ಕಚೇರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತೆಗೆದಿಟ್ಟುಕೊಳ್ಳಿ: ಇಂಥ ದಿನ ನ್ಯೂಟ್ರಲ್ ಬೆರಕೆ ಸಿಕ್ಕಿ ಸರಿಪಡಿಸಲಾಗಿದೆ, ಎಂಡಿ 2.9 ಬಂದದ್ದು ಅದರಿಂದ ಅಂತ. ಎಂಡಿ ಮಂಜೂರಾದ 2 ಕಿಲೋವ್ಯಾಟ್ ಮೀರಿರುವುದರಿಂದ ಲೋಡ್ ಹೆಚ್ಚಿಸಿಕೊಳ್ಳಿ ಅಂತ ನೋಟಿಸ್ ಬರಬಹುದು. ಸುಮ್ಮನೆ ಒಪ್ಪಿಕೊಂಡರೆ ಹೆಚ್ಚಾದ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ಖಾಯಂ ಆಗುತ್ತದೆ. ಆಗ ಈ ಪತ್ರ ಕೆಲಸಕ್ಕೆ ಬರುತ್ತದೆ.

ಇದನ್ನು ಓದುವ ಬೇರೆಯವರಿಗೊಂದು ಮಾತು. ಪರೀಕ್ಷೆಯಲ್ಲಿ ಮೀಟರ್ ನಿಜಕ್ಕೂ ವೇಗವಾಗಿ ಓಡುತ್ತಿದೆ ಅಂತಲೋ, ರೀಡಿಂಗ್ ತಪ್ಪಾಗಿ ಬರೆದಿದೆ ಅಂತಲೋ ಕಂಡರೆ ದಾರಿ ಬೇರೆ. ಮೀಟರ್‌ನ ಫೋಟೋ ಜೊತೆ ಉಪವಿಭಾಗಕ್ಕೆ ಲಿಖಿತ ದೂರು ಕೊಡಿ, ಸಹಾಯವಾಣಿ 1912ಕ್ಕೂ ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ದೂರು ಇತ್ಯರ್ಥ ಆಗುವವರೆಗೆ ಬಿಲ್ ಕಟ್ಟದೆ ಕೂರಬೇಡಿ. ವಿದ್ಯುಚ್ಛಕ್ತಿ ಕಾಯ್ದೆ 2003ರ 56ನೇ ಕಲಂ ಪ್ರಕಾರ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ‘ಆಕ್ಷೇಪಣೆಗೆ ಒಳಪಟ್ಟು’ ಅಂತ ಬರೆದುಕೊಟ್ಟು ಕಟ್ಟಿದರೆ ವಿವಾದ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಕಟ್ಟದೇ ಇದ್ದಾಗಲೂ ಕಡಿಯುವ ಮುಂಚೆ 15 ದಿನದ ಲಿಖಿತ ನೋಟಿಸ್ ಕೊಡಲೇಬೇಕು.

ಮೇಲ್ಮನೆಯವರೇ, ನಿಮಗೆ ಈಗ ಮುಖ್ಯ ಈ ತಿಂಗಳ 200ರ ಗೆರೆ. ಮೇ 6ರಿಂದ ದಿನಕ್ಕೆ 7.2 ಹೋಗುತ್ತಿದೆ. ಹೀಗೇ ಬಿಟ್ಟರೆ ಜೂನ್ ರೀಡಿಂಗ್ ಹೊತ್ತಿಗೆ ಮತ್ತೆ 215 ದಾಟಿ, ಮತ್ತೆ 1,700 ರೂಪಾಯಿ ಮೇಲೆ ಬರುತ್ತದೆ. 13ನೇ ತಾರೀಖಿನೊಳಗೆ ಸರಿಮಾಡಿಸಿದರೆ ಅಲ್ಲಿಯವರೆಗಿನ 50, ಮುಂದಿನ 24 ದಿನಕ್ಕೆ 114, ಒಟ್ಟು 164. ಅರ್ಹತೆಯ ಮೇಲಿನ 16 ಯೂನಿಟ್‌ಗೆ ಮಾತ್ರ ಕಟ್ಟಿದರಾಯಿತು. ಮೋಟಾರ್ ಎಳೆದದ್ದು 80 ಯೂನಿಟ್, ಆದರೆ 200ರ ಗೆರೆ ದಾಟಿಸಿದ್ದರಿಂದ ನಿಮ್ಮ ಮೇಲೆ ಬಿದ್ದದ್ದು 1,800 ರೂಪಾಯಿ. ಓನರ್ ಹತ್ತಿರ ಮಾತಾಡುವಾಗ ಈ ಎರಡು ಅಂಕಿಯನ್ನೂ ಕಾಗದದಲ್ಲಿ ಬರೆದು ತೋರಿಸಿ. ಈ ತಿಂಗಳ ಬಾಡಿಗೆಯಲ್ಲಿ ಎಷ್ಟು ಹೊಂದಿಸಿಕೊಳ್ಳುವುದು ಅಂತ ನೀವಿಬ್ಬರೇ ಮಾತಾಡಿಕೊಳ್ಳಿ.

ಮೇಲ್ಮನೆ, ಮೇ 17

13ರ ಸಂಜೆ ಕೆಲಸ ಆಯಿತು. ಕ್ಲ್ಯಾಂಪ್‌ನಲ್ಲಿ ಮೊದಲು 5.1 ಆಂಪಿಯರ್ ಇತ್ತು, ಆಮೇಲೆ 0.00. ಜಂಕ್ಷನ್ ಬಾಕ್ಸ್‌ನಲ್ಲಿ ಹೇಳಿದ ಹಾಗೇ ಸುತ್ತಿದ್ದರು. ಟೇಪ್ ಒಳಗೆ ತಂತಿಯ ಪ್ಲಾಸ್ಟಿಕ್ ಕಾದು ಕಂದು ಬಣ್ಣಕ್ಕೆ ತಿರುಗಿತ್ತು. ಲಿಂಕ್‌ಗಳ ನಡುವೆ ಬೀಪ್ ಇನ್ನೂ ಬರುತ್ತಿತ್ತು, ಗೇಟ್ ದೀಪದಲ್ಲಿ ಇನ್ನೊಂದು ಬೆರಕೆ ಸಿಕ್ಕಿತು, ಅದನ್ನೂ ಬಿಡಿಸಿದರು. ಡಬಲ್ ಪೋಲ್, ಆರ್‌ಸಿಸಿಬಿ ಎರಡೂ ಹಾಕಿದ್ದೇವೆ, ಇದುವರೆಗೆ ಬಿದ್ದಿಲ್ಲ. ಓನರ್ ಎರಡು ದೀಪ ನೋಡಿದ ಮೇಲೆ ತಾವೇ ಎಲೆಕ್ಟ್ರಿಷಿಯನ್ ಕರೆಸಿದರು.

ಬೆಳಿಗ್ಗೆ ಏಳರ ರೀಡಿಂಗ್:
ಮೇ 14: 8699.2
ಮೇ 15: 8704.1
ಮೇ 16: 8708.8
ಮೇ 17: 8713.9

ಮೋಟಾರ್ ಓಡುತ್ತಿರುವಾಗಲೇ ಇವತ್ತಿನ ರೀಡಿಂಗ್ ತೆಗೆದೆ. ಎರಡು ಮೀಟರ್‌ನಲ್ಲೂ ಇ/ಎಲ್ ದೀಪ ಆರಿದೆ.